ಟಿಂಕರಿಂಗ್ ಲ್ಯಾಬ್ ಐತೆ, ಕಿಟ್ ಐತೆ. ಹೈಸ್ಕೂಲ್ ಮಕ್ಕಳಿಗೆ ಡಿಸೈನ್ ಅಂಡ್ ಟೆಕ್ನಾಲಜಿ ಎಲ್ಲಿಂದ ಶುರು ಮಾಡ್ಲಿ?

ಪಿಸಿಎಂ ಮೇಷ್ಟ್ರು, ದಾವಣಗೆರೆ ತಾಲ್ಲೂಕು:
ಎಲ್ರಿಗೂ ನಮಸ್ಕಾರ. ದಾವಣಗೆರೆ ಹತ್ರದ ಒಂದು ಹಳ್ಳಿ ಹೈಸ್ಕೂಲಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಟೀಚರ್ ನಾನು. ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಐತೆ, ಈ ವರ್ಷ ಅದರ ಚಾರ್ಜ್ ನನಗೆ ಬಂದೈತೆ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಮಕ್ಕಳು ಕೈಯಾರೆ ವಸ್ತು ಮಾಡಿ ಕಲಿಯೋ ಈ ಲ್ಯಾಬ್ ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್‌ದು, 2016ರಲ್ಲಿ ಶುರುವಾಗಿದ್ದು, 6ರಿಂದ 12ನೇ ಕ್ಲಾಸ್ ಮಕ್ಕಳಿಗೆ, ಒಂದು ಶಾಲೆಗೆ 20 ಲಕ್ಷದವರೆಗೂ ದುಡ್ಡು ಕೊಡ್ತಾರೆ, 10 ಲಕ್ಷ ಲ್ಯಾಬ್ ಹಾಕೋಕೆ ಉಳಿದಿದ್ದು 5 ವರ್ಷ ನಡೆಸೋಕೆ. ಹಂಗಾಗಿ ಸಾಮಾನಿಗೆ ಕೊರತೆ ಇಲ್ಲ. ಆರ್ಡುಯಿನೋ ಬೋರ್ಡು (ಕೋಡ್ ಹಾಕಿ ಓಡಿಸೋ ಪುಟ್ಟ ಸರ್ಕ್ಯೂಟ್ ಬೋರ್ಡು), ಸೆನ್ಸರ್‌ಗಳು, ಬ್ರೆಡ್‌ಬೋರ್ಡು, ಸೋಲ್ಡರಿಂಗ್ ಐರನ್, ಡ್ರಿಲ್, ಒಂದು ತ್ರೀಡಿ ಪ್ರಿಂಟರ್ ಎಲ್ಲಾ ಅದಾವೆ.

ಇಲ್ದೇ ಇರೋದು ಪಾಠ. ವಸ್ತು ಪ್ರದರ್ಶನಕ್ಕೆ ಹೋದ್ರೆ ಜಿಲ್ಲೆಯ ಎಲ್ಲಾ ಶಾಲೆದೂ ಅದೇ ನಾಕು ಮಾಡೆಲ್, ತಾನೇ ಹತ್ತೋ ಬೀದಿದೀಪ, ತಾನೇ ನೀರು ಬಿಡೋ ಗಿಡ, ಕಣ್ಣು ಕಾಣದವರಿಗೆ ಕೋಲು, ಗೋಡೆ ಕಂಡ್ರೆ ತಿರುಗೋ ಗಾಡಿ. ಮಕ್ಕಳು ವಿಡಿಯೋ ನೋಡಿ ಅದೇ ಬಣ್ಣದ ವೈರ್ ಅದೇ ತೂತಿಗೆ ಹಾಕ್ತಾರೆ, ಕೋಡ್ ಕಾಪಿ ಮಾಡ್ತಾರೆ, ದೀಪ ಹತ್ತುತ್ತೆ, ಚಪ್ಪಾಳೆ. ಎಲ್‌ಇಡಿ ಮುಂದೆ ಆ ರೆಸಿಸ್ಟರ್ (ಕರೆಂಟ್ ಮಿತಿ ಮಾಡೋ ಬಿಡಿಭಾಗ) ಯಾಕಪ್ಪಾ ಅಂದ್ರೆ ಸುಮ್ನೆ ನಿಲ್ತಾರೆ. ಇವರಿಗೆ ವಸ್ತು ಮಾಡೋದು ಬರ್ಬೇಕು, ಯಾರಿಗೆ ಯಾಕೆ ಮಾಡ್ತಿದೀನಿ ಅನ್ನೋದು ಗೊತ್ತಿರಬೇಕು ಅನ್ನೋದು ನನ್ನ ಆಸೆ. 8 ಮತ್ತೆ 9ನೇ ಕ್ಲಾಸು, ತಲಾ 40ರ ಹತ್ರ ಮಕ್ಕಳು, ವಾರಕ್ಕೆ ಎರಡು ಪೀರಿಯಡ್ ಒಟ್ಟಿಗೆ ಸಿಗ್ತಾವೆ. ಮೊದಲು ಏನು ಕಲಿಸಬೇಕು, ಕೈಯಲ್ಲಿ ಕೆಲಸ ಮಾಡಿದೋರು, ಕಲಿಸಿದೋರು ದಯವಿಟ್ಟು ಹೇಳಿ.

ಹರಿಹರದ ಲೇತ್:
ಸರ್ ನಾನು ಹರಿಹರದೋನು, ನಮ್ದು ಸಣ್ಣ ವರ್ಕ್‌ಶಾಪು, ನಮ್ಮಪ್ಪಾಜಿ ಮೈಸೂರು ಕಿರ್ಲೋಸ್ಕರ್‌ನಲ್ಲಿ ಇದ್ರು, ಅಲ್ಲಿಯ ಲೇತ್‌ಗಳು ದೇಶ ಎಲ್ಲಾ ಹೋಗಿದಾವೆ, ಇವತ್ತಿಗೂ ಎಷ್ಟೋ ಶೆಡ್‌ಗಳಲ್ಲಿ ಓಡ್ತಾ ಅದಾವೆ. ನನ್ನ ಮಾತು ಕೇಳಿದ್ರೆ ಮೊದಲ ತಿಂಗಳು ಆರ್ಡುಯಿನೋ ಬೀರು ಒಳಗೇ ಇರ್ಲಿ. ಅಳತೆ ಕಲಿಸ್ರಿ. ಐಟಿಐ ಮುಗಿಸಿ ನಮ್ಮಲ್ಲಿಗೆ ಬರೋ ಹುಡುಗ್ರಲ್ಲಿ ಎಷ್ಟೋ ಜನಕ್ಕೆ ಅಳತೆ ಬರಲ್ಲ, ಕಂಪಾಸ್ ಬಾಕ್ಸ್‌ನ ಪ್ಲಾಸ್ಟಿಕ್ ಸ್ಕೇಲಲ್ಲಿ ಸೊನ್ನೆ ತುದಿಯಿಂದ ಒಂಚೂರು ಒಳಗಿರುತ್ತೆ, ವರ್ಕ್‌ಶಾಪ್ ಸ್ಟೀಲ್ ಸ್ಕೇಲಲ್ಲಿ ಸೊನ್ನೆ ತುದಿಗೇ ಇರುತ್ತೆ, ಇದು ಗೊತ್ತಿಲ್ದೆ ಅಳದ್ರೆ ಪ್ರತಿ ಪೀಸೂ ತಪ್ಪು.

ಒಂದು ಆಟ ಹೇಳ್ತೀನಿ. 20 ಸೆಂಟಿಮೀಟರ್ ಉದ್ದದ ಒಂದು ಮರದ ಪಟ್ಟಿ ಕೊಟ್ಟು, ಇದ್ರಲ್ಲಿ ಸರಿಯಾಗಿ 5 ಸೆಂಟಿಮೀಟರ್‌ನ ನಾಕು ಪೀಸ್ ಮಾಡ್ಕೊಂಡು ಬನ್ನಿ ಅನ್ರಿ. ಲೆಕ್ಕದಲ್ಲಿ ಬರುತ್ತೆ, ಕೈಯಲ್ಲಿ ಬರಲ್ಲ, ಯಾಕಂದ್ರೆ ಪ್ರತಿ ಸಲ ಕೊಯ್ದಾಗ ಗರಗಸದ ಹಲ್ಲು ಒಂದಿಷ್ಟು ಮರ ತಿನ್ನುತ್ತೆ, ಹ್ಯಾಕ್ಸಾ ಬ್ಲೇಡ್ ಆದ್ರೆ ಹೆಚ್ಚೂಕಮ್ಮಿ 1 ಮಿಲಿಮೀಟರ್, ಮರದ ಗರಗಸ ಅದಕ್ಕಿಂತ ಜಾಸ್ತಿ. ನಾಕನೇ ಪೀಸ್ ಗಿಡ್ಡ ಆಗೇ ಆಗುತ್ತೆ. ಯಾಕೆ ಗಿಡ್ಡ ಆಯ್ತು ಅಂತ ಅವ್ರೇ ಹುಡುಕ್ಲಿ, ನೀವು ಹೇಳ್ಬೇಡ್ರಿ. ಅದು ಗೊತ್ತಾದ ಹುಡುಗ ಮುಂದೆ ಗೆರೆಯ ಯಾವ ಪಕ್ಕ ಕೊಯ್ಯಬೇಕು ಅಂತ ತಾನೇ ಕೇಳ್ತಾನೆ. ಹ್ಯಾಕ್ಸಾ ಬ್ಲೇಡ್ ಹಾಕುವಾಗ ಹಲ್ಲು ಮುಂದಕ್ಕೆ ಮುಖ ಮಾಡಿರ್ಬೇಕು, ತಳ್ಳುವಾಗ ಕೊಯ್ಯುತ್ತೆ, ಎಳೆಯುವಾಗ ಭಾರ ಹಾಕ್ಬಾರ್ದು. ಇಷ್ಟು ಸಾಕು ಮೊದಲ ವಾರಕ್ಕೆ.

ದುರ್ಗದ ಸೈನ್ಸ್ ಮಿಸ್:
ಹರಿಹರದ ಅಣ್ಣ ಹೇಳಿದ್ದು ಸರಿ, ಆದ್ರೆ ಬರೀ ಅಳತೆ ಕೊಟ್ರೆ 8ನೇ ಕ್ಲಾಸ್ ಮಕ್ಕಳಿಗೆ ಬೇಜಾರಾಗುತ್ತೆ ಸರ್, ಒಂದು ಕೆಲಸದ ಒಳಗೆ ಅಳತೆ ಬರಬೇಕು. ನಾನು ಚಳ್ಳಕೆರೆ ಕಡೆ ಕಲಿಸೋದು. ನಮ್ಮಲ್ಲಿ ಮಾಡಿದ್ದನ್ನ ಬರೀತೀನಿ.

ನಾವು ಮಾಡೆಲ್ ಅನ್ನೋ ಪದನೇ ಎತ್ತಲಿಲ್ಲ. ಮನೇಲಿ ದಿನಾ ಮಾಡೋ ಕೆಲಸದಲ್ಲಿ ಯಾವುದಕ್ಕೆ ಕೈ ನೋಯುತ್ತೆ, ಸೊಂಟ ನೋಯುತ್ತೆ, ಯಾರಿಗೆ, ದಿನದಲ್ಲಿ ಎಷ್ಟು ಹೊತ್ತು ಅಂತ ಕೇಳ್ಕೊಂಡು ಬರ್ರಿ, ಹಂಗೇ ಆ ಕೆಲಸ ಅರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಿ ಬರೀರಿ ಅಂತ ಹೇಳಿದ್ವಿ. ಏನೇನು ಬಂತು ಅಂದ್ರೆ, ಬಿತ್ತನೆಗೆ ಶೇಂಗಾ ಸುಲಿಯೋದು, ಎರಡು ಕೊಡ ನೀರು ಹೊತ್ತು ತರೋದು, ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯೋದು, ಮೆಕ್ಕೆಜೋಳ ಬಿಡಿಸೋದು, ಮಗ್ಗದ ಗುಂಡಿಯಲ್ಲಿ ಕೂತ ತಾತನಿಗೆ ಮಂಡಿ ನೋವು. ಮಕ್ಕಳು ಶೇಂಗಾ ಆರಿಸ್ಕಂಡ್ರು.

ಈಗ ನೋಡಿ ಎಲ್ಲಿಂದ ಎಲ್ಲಿಗೆ ಹೋಯ್ತು. ಒಬ್ಬ ಹುಡುಗ ಪೇಟೇಲಿ ಮೆಷಿನ್ ಸಿಗುತ್ತಲ್ಲ ಮಿಸ್ ಅಂದ. ಹೌದು ಸಿಗುತ್ತೆ, ಆದ್ರೂ ನಿಮ್ಮಜ್ಜಿ ಯಾಕೆ ಕೈಯಲ್ಲೇ ಸುಲೀತಾರೆ ಕೇಳ್ಕೊಂಡು ಬಾ ಅಂದೆ. ಮೆಷಿನ್‌ನಲ್ಲಿ ಕಾಳು ಒಡೆಯುತ್ತೆ, ಸಿಪ್ಪೆ ತರಚುತ್ತೆ, ಎಣ್ಣೆಗೆ ಆದ್ರೆ ಪರವಾಗಿಲ್ಲ, ಬಿತ್ತನೆ ಕಾಳು ಒಡೆದ್ರೆ ಮೊಳಕೆ ಬರಲ್ಲ, ಅದಕ್ಕೆ ಕೈಯಲ್ಲಿ. ಅಲ್ಲಿಗೆ ಬೇಕಾಗಿರೋದು ಏನು ಅಂತ ಸ್ಪಷ್ಟ ಆಯ್ತು. ಜೋರಾಗಿ ಸುಲಿಯೋ ಯಂತ್ರ ಬೇಕಿಲ್ಲ, ಕಾಳು ಒಡೆಯದಂಗೆ ಸುಲಿಯೋ ಯಂತ್ರ ಬೇಕು. ಈ ಒಂದು ವಾಕ್ಯ ಮಕ್ಕಳ ಬಾಯಿಂದ ಬರೋತನಕ ಕೈಗೆ ರಟ್ಟು ಕೊಡಬಾರ್ದು ಅನ್ನೋದು ನನ್ನ ಅಭಿಪ್ರಾಯ.

ಆಮೇಲೆ ಕಾಯಿನ ಹಲಗೆಯಿಂದ ಜಾಲರಿ ಮೇಲೆ ಒತ್ತಿ ಸುಲಿಯೋದು ಅಂತಾಯ್ತು, ಆ ಜಾಲರಿ ಕಂಬಿಗಳ ಮಧ್ಯೆ ಎಷ್ಟು ಸಂದು ಬಿಡಬೇಕು ಅನ್ನೋ ಪ್ರಶ್ನೆ. ಕಾಯಿ ದಪ್ಪ ಅಳೀಬೇಕು. ದಪ್ಪನ ಮಿಲಿಮೀಟರ್‌ಗಿಂತ ಸಣ್ಣದಾಗಿ ಅಳೆಯೋ ವರ್ನಿಯರ್ ಕ್ಯಾಲಿಪರ್ ಹೊರಗೆ ಬಂತು. ಪ್ರತಿ ಗುಂಪೂ ಒಂದು ಬೊಗಸೆ ಕಾಯಿ ಅಳೆದು ಪಟ್ಟಿ ಮಾಡಿದ್ರು, ಸರಾಸರಿ ತೆಗೆದ್ರು, ಸರಾಸರಿಗೆ ಸಂದು ಬಿಟ್ರೆ ದಪ್ಪ ಕಾಯಿ ಜಜ್ಜಿ ಹೋಗುತ್ತೆ, ಸಣ್ಣದು ಸುಲೀದೇ ಕೆಳಗೆ ಬೀಳುತ್ತೆ ಅಂತ ಅವ್ರೇ ಕಂಡ್ಕೊಂಡ್ರು, ಕೊನೆಗೆ ಕಾಯಿನ ಮೊದಲು ಎರಡು ಸೈಜಿಗೆ ಜರಡಿ ಹಿಡಿಯೋದು ಅಂತ ಒಬ್ಬಳು ಹೇಳಿದ್ಲು. ಇದು 9ನೇ ಕ್ಲಾಸ್ ಹುಡುಗಿ, ಯಾರೂ ಹೇಳ್ಕೊಟ್ಟಿಲ್ಲ. ನನಗೆ ಈಗ ಬರೆಯುವಾಗಲೂ ಖುಷಿ ಆಗುತ್ತೆ.

ಪಿಸಿಎಂ ಮೇಷ್ಟ್ರು, ದಾವಣಗೆರೆ ತಾಲ್ಲೂಕು:
ಮಿಸ್ ತುಂಬಾ ಉಪಕಾರ ಆಯ್ತು. ನಮ್ಮ ಕಡೆ ಮೆಕ್ಕೆಜೋಳ, ಭತ್ತ, ಅಡಿಕೆ. ಮಕ್ಕಳ ಮನೇಲೂ ಇಂಥದ್ದು ಸಿಕ್ಕೇ ಸಿಗುತ್ತೆ. ಆ ಯಂತ್ರ ಕೊನೆಗೆ ಕೆಲಸ ಮಾಡ್ತಾ?

ದುರ್ಗದ ಸೈನ್ಸ್ ಮಿಸ್:
ಮೊದಲನೇದು ರಟ್ಟಿಂದು, ಅದು ಬರೀ ಆಕಾರ ನೋಡೋಕೆ. ಎರಡನೇದು ಮರದ ಚೌಕಟ್ಟು, ಅದ್ರಲ್ಲಿ ಕಾಳು ಬಹಳ ಒಡೀತು. ಒತ್ತೋ ಹಲಗೆಗೆ ಹಳೇ ಸೈಕಲ್ ಟ್ಯೂಬ್ ಹೊಡೆದ ಮೇಲೆ ಒಡೆಯೋದು ಕಡಿಮೆ ಆಯ್ತು. 100 ಕಾಳಿಗೆ ಎಷ್ಟು ಒಡೀತು ಅಂತ ಪ್ರತಿ ಸಲ ಎಣಿಸಿ ಬರೆಸಿದ್ವಿ, ಶೇಕಡಾ ಲೆಕ್ಕ ಅಲ್ಲೇ ಆಯ್ತು. ಒಂದು ಅಜ್ಜಿನ ಶಾಲೆಗೆ ಕರೆಸಿ ಅವರ ಕೈಗೇ ಕೊಟ್ವಿ. ಹಿಡಿ ಎತ್ತರ ಆಯ್ತು, ಕೂತು ಮಾಡೋಕಾಗಲ್ಲ ಅಂದ್ರು. ಅದನ್ನೂ ಸರಿ ಮಾಡ್ಬೇಕಾಯ್ತು. ಅಜ್ಜಿ ಮಾತೇ ನಮ್ಮ ಪರೀಕ್ಷೆ.

ಊರು ದಾವಣಗೆರೆ ಕೆಲಸ ಇಂಗ್ಲೆಂಡ್:
ಹುಟ್ಟಿ ಬೆಳೆದಿದ್ದು ದಾವಣಗೆರೆ ಹಳೇ ಊರಲ್ಲಿ, ಈಗ ಇಂಗ್ಲೆಂಡಿನ ಒಂದು ಸೆಕೆಂಡರಿ ಸ್ಕೂಲಲ್ಲಿ ಡಿಸೈನ್ ಅಂಡ್ ಟೆಕ್ನಾಲಜಿನೇ ಕಲಿಸ್ತೀನಿ. ಶೇಂಗಾ ಕಥೆ ಓದಿ ನಮ್ಮ ಸ್ಟಾಫ್‌ರೂಮಲ್ಲಿ ಎಲ್ರಿಗೂ ಹೇಳಿದೆ.

ಇಲ್ಲಿ ಈ ವಿಷಯ 1990ರಿಂದ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಬೇರೆ ಸಬ್ಜೆಕ್ಟ್ ಆಗಿ ಐತೆ. 11ರಿಂದ 14 ವರ್ಷದ ಮಕ್ಕಳು ಎಲ್ಲರೂ ಓದ್ಬೇಕು. ಮರ, ಲೋಹ, ಪ್ಲಾಸ್ಟಿಕ್, ಬಟ್ಟೆ, ಎಲೆಕ್ಟ್ರಾನಿಕ್ಸ್, ಅಡುಗೆ ಕೂಡ ಇದರೊಳಗೇ ಬರುತ್ತೆ, ಹೆಚ್ಚಿನ ಶಾಲೆಗಳು ಕೆಲವು ವಾರ ಮರ, ಕೆಲವು ವಾರ ಬಟ್ಟೆ, ಕೆಲವು ವಾರ ಅಡುಗೆ ಅಂತ ಗುಂಪುಗಳನ್ನ ತಿರುಗಿಸ್ತಾರೆ. 14 ಆದ್ಮೇಲೆ ಬೇಕಾದೋರು ಮಾತ್ರ ತಗೋತಾರೆ. 16ನೇ ವಯಸ್ಸಿನ ಜಿಸಿಎಸ್‌ಇ ಪರೀಕ್ಷೇಲಿ ಅರ್ಧ ಅಂಕ ಲಿಖಿತ ಪರೀಕ್ಷೆಗೆ, ಇನ್ನರ್ಧ ಮಗು ತಾನೇ ಮಾಡಿದ ಪ್ರಾಜೆಕ್ಟ್‌ಗೆ. ಪ್ರಾಜೆಕ್ಟ್ ಸಂದರ್ಭನ ಪರೀಕ್ಷಾ ಮಂಡಳಿ ಹಿಂದಿನ ವರ್ಷದ ಜೂನ್ 1ಕ್ಕೆ ಬಿಡುತ್ತೆ, ಬಹಳ ಅಗಲವಾದ ವಿಷಯ ಇರುತ್ತೆ, ಏನು ಮಾಡ್ಬೇಕು ಅಂತ ಇರಲ್ಲ. ಯಾರಿಗೆ ಮಾಡ್ತೀನಿ, ಅವರ ತೊಂದ್ರೆ ಏನು ಅಂತ ಹುಡುಕೋದೇ ಮಗುವಿನ ಮೊದಲ ಕೆಲಸ. ಅದಕ್ಕೂ ಅಂಕ ಐತೆ, ಕೊನೆಗೆ ಚೆನ್ನಾಗಿ ತಯಾರಾದ ವಸ್ತುವಿಗೆ ಮಾತ್ರ ಅಲ್ಲ.

ಇಲ್ಲಿ ಎಲ್ಲಾ ಸುಖವಾಗೈತೆ ಅಂತ ತಿಳ್ಕಬೇಡ್ರಿ. ಕಡ್ಡಾಯ ಇಲ್ದಿರೋ ವಯಸ್ಸಲ್ಲಿ ಈ ಸಬ್ಜೆಕ್ಟ್ ತಗೊಳ್ಳೋ ಮಕ್ಕಳು ವರ್ಷಗಳಿಂದ ಬಹಳ ಕಡಿಮೆ ಆಗಿದಾರೆ, ಟೀಚರ್‌ಗಳು ಸಿಗ್ತಿಲ್ಲ, ವರ್ಕ್‌ಶಾಪ್ ನಡೆಸೋಕೆ ಖರ್ಚು ಜಾಸ್ತಿ. ನಿಮ್ಮಲ್ಲಿ ಮಕ್ಕಳ ಮನೆ ಪಕ್ಕದಲ್ಲೇ ಬಡಗಿ, ಕಮ್ಮಾರ, ವೆಲ್ಡಿಂಗ್ ಶಾಪ್, ಮಗ್ಗ, ಮಂಡಕ್ಕಿ ಭಟ್ಟಿ ಅದಾವೆ. ನಮ್ಮ ಮಕ್ಕಳು ವಸ್ತು ತಯಾರಾಗೋದನ್ನ ನೋಡ್ಬೇಕು ಅಂದ್ರೆ ಬಸ್ ಮಾಡ್ಕೊಂಡು ಹೋಗ್ಬೇಕು.

ಪೋಷಕ, ವಿದ್ಯಾನಗರ:
ಎಲ್ಲಾ ಕೇಳೋಕೆ ಚೆಂದ. ನನ್ನ ಮಗಳು 9ನೇ ಕ್ಲಾಸು. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, 625ಕ್ಕೆ ಎಷ್ಟು ಬಂತು ಅಂತ ಕೇಳ್ತಾರೆ ಹೊರತು ಶೇಂಗಾ ಎಷ್ಟು ಸುಲಿದೆ ಅಂತ ಯಾರೂ ಕೇಳಲ್ಲ. ಗಣಿತಕ್ಕೇ ಟೈಮ್ ಸಾಲ್ತಿಲ್ಲ. ನಾನು ವಿರೋಧ ಮಾಡ್ತಿಲ್ಲ, ಆದ್ರೆ ಈ ಎರಡು ಪೀರಿಯಡ್ ಯಾವುದರಿಂದ ಕಿತ್ತು ಕೊಡ್ತೀರಿ ಹೇಳ್ರಿ.

ದುರ್ಗದ ಸೈನ್ಸ್ ಮಿಸ್:
ಸರ್ ನಿಮ್ಮ ಚಿಂತೆ ನ್ಯಾಯವಾದದ್ದು, ನಾನೂ ಒಬ್ಬ ತಾಯಿ. ನಾವು ಯಾವುದರಿಂದಲೂ ಕಿತ್ತಿಲ್ಲ, ಹೇಗಿದ್ರೂ ಮಾಡಿಸಲೇಬೇಕಾದ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗಳನ್ನ ಇದರೊಳಗೆ ಸೇರಿಸ್ತೀವಿ. ಎಸ್‌ಎಸ್‌ಎಲ್‌ಸಿಯಲ್ಲೂ ವಿಜ್ಞಾನಕ್ಕೆ 80 ಲಿಖಿತ, 20 ಆಂತರಿಕ. ಆ 20ಕ್ಕೆ ಗೂಗಲ್‌ನಿಂದ ಪ್ರಿಂಟ್ ತೆಗೆದು ಅಂಟಿಸೋ ಬದಲು ಇದನ್ನ ಮಾಡ್ಲಿ. 8ನೇ ಕ್ಲಾಸಿನ ಘರ್ಷಣೆ ಪಾಠ ಸೈಕಲ್ ಟ್ಯೂಬ್ ಹೊಡೆದಾಗ ಮುಗೀತು. 10ರ ಗಣಿತದ ಸರಾಸರಿ, ಮಧ್ಯಾಂಕ, ಬಹುಲಕ ಶೇಂಗಾ ಕಾಯಿ ಅಳೆಯುವಾಗಲೇ ಒಂದು ಸಲ ಬಂದುಹೋಯ್ತು. 10ರಲ್ಲಿ ಓಮ್‌ನ ನಿಯಮ ಬರುತ್ತೆ, ಪಿಸಿಎಂ ಸರ್ ಹೇಳಿದ ಆ ರೆಸಿಸ್ಟರ್ ಪ್ರಶ್ನೆನೇ ಅದಕ್ಕೆ ಪಾಠ. ಬೋರ್ಡಿಂದ ಬರೋದು 5 ವೋಲ್ಟ್, ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಗೊಳ್ಳುತ್ತೆ, ಉಳಿದ 3 ವೋಲ್ಟ್‌ನ 220 ಓಮ್‌ನಿಂದ ಭಾಗಿಸಿದ್ರೆ 14 ಮಿಲಿಆಂಪಿಯರ್ ಹತ್ರ ಬರುತ್ತೆ, ಬೋರ್ಡಿನ ಪಿನ್ನಿಗೆ 20ರ ಒಳಗೆ ಇರ್ಬೇಕು, ಅದಕ್ಕೆ ಆ ರೆಸಿಸ್ಟರ್. ಮಲ್ಟಿಮೀಟರ್ ಹಿಡಿದು ತಾನೇ ನೋಡಿದ ಮಗು ಪರೀಕ್ಷೇಲಿ ಆ ಲೆಕ್ಕ ಬಿಡಲ್ಲ ಸರ್, ನಂಬಿ.

ಮೋಟರ್ ವೈಂಡಿಂಗ್, ಜಗಳೂರು:
ನಾನು ಪಂಪ್‌ಸೆಟ್ ಮೋಟರ್ ಕಟ್ಟೋನು. ಆ ತಾನೇ ನೀರು ಬಿಡೋ ಮಾಡೆಲ್ ಬಗ್ಗೆ ಹೇಳ್ಬೇಕು ಅನ್ನಿಸ್ತು. ನಮ್ಮ ಕಡೆ ರೈತನಿಗೆ ಮಣ್ಣು ಒಣಗಿದ್ದು ನೋಡಿದ್ರೆ ಗೊತ್ತಾಗುತ್ತೆ, ಅದಕ್ಕೆ ಸೆನ್ಸರ್ ಬೇಕಿಲ್ಲ. ತ್ರೀಫೇಸ್ ಕರೆಂಟ್ ಯಾವಾಗ ಬರುತ್ತೆ ಅನ್ನೋದೇ ಅವನ ತೊಂದ್ರೆ, ರಾತ್ರಿ ಬಂದ್ರೆ ಹೊಲಕ್ಕೆ ಓಡ್ಬೇಕು, ಹಾವು, ಕರಡಿ, ಕತ್ತಲು. ಅದಕ್ಕೇ ಎಲ್ರೂ ಆಟೋಸ್ಟಾರ್ಟರ್ ಹಾಕ್ಸಿರೋದು, ಅದ್ರಿಂದ ಇನ್ನೊಂದು ತೊಂದ್ರೆ, ಕರೆಂಟ್ ಬಂದ ತಕ್ಷಣ ಎಲ್ಲಾ ಮೋಟರ್ ಒಟ್ಟಿಗೆ ಎದ್ದು ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಲೋಡ್ ಬೀಳುತ್ತೆ, ಬೋರಲ್ಲಿ ನೀರಿಲ್ದಿದ್ರೂ ಮೋಟರ್ ಓಡಿ ಸುಡುತ್ತೆ, ಸುಟ್ಟಿದ್ದು ನನ್ನ ಹತ್ರ ಬರುತ್ತೆ. ಮಕ್ಕಳು ಇದನ್ನ ಕೂತು ಯೋಚ್ನೆ ಮಾಡ್ಲಿ. ಆದ್ರೆ ಸರ್ ಕೈ ಮುಗಿದು ಹೇಳ್ತೀನಿ, ಸ್ಟಾರ್ಟರ್ ಡಬ್ಬಿ ಹತ್ರ ಒಂದು ಮಗೂನೂ ಬಿಡಬೇಡ್ರಿ. 415 ವೋಲ್ಟ್ ಅದು. ಲ್ಯಾಬಲ್ಲಿ ಏನು ಮಾಡಿದ್ರೂ ಸೆಲ್ ಇಲ್ಲಾ 5 ವೋಲ್ಟ್ ಮೊಬೈಲ್ ಚಾರ್ಜರ್ ಮೇಲೆ ಮಾಡಿ, ಮೇನ್ಸ್ ಬೇಡ್ವೇ ಬೇಡ. ಮೂರು ಫೇಸ್‌ಗೆ ಬದಲು ಮೂರು ಸ್ವಿಚ್ ಮೂರು ಬಲ್ಬ್ ಇಟ್ಟು, ಮೂರೂ ಬಂದಾಗ ಮಾತ್ರ ಗಂಟೆ ಹೊಡೀಬೇಕು ಅಂತ ಮಾಡ್ಸಿ, ಅಷ್ಟು ತಲೆ ಓಡ್ಸಿದ್ರೆ ಸಾಕು.

ಮಣ್ಣಿನ ಸೆನ್ಸರ್ ಮಾಡ್ಲೇಬೇಕು ಅಂದ್ರೆ ಎರಡು ಕಡ್ಡಿ ಇರೋ ಅಗ್ಗದ್ದು ಕೆಲವು ವಾರಕ್ಕೆ ತಿಂದುಹೋಗುತ್ತೆ, ಒದ್ದೆ ಮಣ್ಣಲ್ಲಿ ಸದಾ ಕರೆಂಟ್ ಹರೀತಿದ್ರೆ ಒಂದು ಕಡ್ಡಿ ಸವೀತದೆ. ಓದೋ ಕ್ಷಣಕ್ಕೆ ಮಾತ್ರ ಕರೆಂಟ್ ಕೊಟ್ರೆ ಜಾಸ್ತಿ ಬಾಳಿಕೆ. ಕೆಪಾಸಿಟಿವ್ ಅಂತ ಬರುತ್ತೆ, ಲೋಹ ಮಣ್ಣಿಗೆ ತಾಗಲ್ಲ, ಅದು ಒಳ್ಳೇದು.

ನಿವೃತ್ತ ಕ್ರಾಫ್ಟ್ ಮೇಷ್ಟ್ರು, ಹೊಳಲ್ಕೆರೆ:
ತಮ್ಮಂದಿರೇ, ತಂಗಿಯರೇ, ಎಲ್ಲರ ಮಾತನ್ನೂ ಓದಿದೆ. ಇದು ಹೊಸ ವಿಷಯ ಅಂತ ಅನ್ಕೋಬೇಡಿ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಬುನಾದಿ ಶಿಕ್ಷಣ ಅಂತ ಇಟ್ಟಿದ್ದು ಇದನ್ನೇ, ಕೈಕೆಲಸದ ಮೂಲಕವೇ ಗಣಿತ, ವಿಜ್ಞಾನ, ಭಾಷೆ ಎಲ್ಲಾ ಬರಬೇಕು ಅಂತ. ಆಮೇಲೆ ಕೊಠಾರಿ ಆಯೋಗ ಕಾರ್ಯಾನುಭವ ಅಂತು, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕೆಲಸ ಅಂತು. ಹೆಸರು ಬದಲಾಗ್ತಾ ಹೋಯ್ತು. ನನ್ನ ಕಣ್ಣೆದುರಿಗೇ ಅದು ಬಡವಾಯ್ತು, ಅದಕ್ಕೆ ಕಾರಣ ನನಗೆ ಚೆನ್ನಾಗಿ ಗೊತ್ತು. ಕ್ರಾಫ್ಟ್ ಮೇಷ್ಟ್ರು ಒಂದು ಕೋಣೆ, ಗಣಿತದ ಮೇಷ್ಟ್ರು ಇನ್ನೊಂದು ಕೋಣೆ, ಇಬ್ಬರೂ ಮಾತಾಡ್ತಿರಲಿಲ್ಲ. ನನ್ನ ಪೀರಿಯಡ್ ಅಂದ್ರೆ ಮೈದಾನ ಗುಡಿಸೋಕೆ, ಅತಿಥಿಗಳು ಬಂದಾಗ ಪೆಂಡಾಲ್ ಕಟ್ಟೋಕೆ ಮಕ್ಕಳನ್ನ ಕಳಿಸೋ ಹೊತ್ತಾಯ್ತು.

ನಿಮಗೆ ಒಂದು ಉದಾಹರಣೆ ಕೊಡ್ತೀನಿ. ದಾವಣಗೆರೆ ಹತ್ತಿ ಮಿಲ್ಲುಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ನಾವು ತಕಲಿಯಲ್ಲಿ ನೂಲು ತೆಗೆಸ್ತಿದ್ವಿ. ನೂಲಿನ ನಂಬರ್ ಅಂದ್ರೆ ಏನು? 840 ಗಜದ ಒಂದು ಲಡಿ, ಅಂಥ ಲಡಿ ಒಂದು ಪೌಂಡಿಗೆ ಎಷ್ಟು ತೂಗ್ತವೆ ಅನ್ನೋದೇ ನಂಬರ್. 40 ಲಡಿ ತೂಗಿದ್ರೆ 40ನೇ ನಂಬರ್. ನಂಬರ್ ಹೆಚ್ಚಾದಷ್ಟೂ ನೂಲು ಸಣ್ಣ. ಉದ್ದ, ತೂಕ, ಅನುಪಾತ, ವಿಲೋಮ ಸಂಬಂಧ ಎಲ್ಲಾ ಒಂದೇ ಎಳೆಯಲ್ಲಿ ಇದ್ವು. ಇದನ್ನ ಗಣಿತದ ಮೇಷ್ಟ್ರು ಬಂದು ನನ್ನ ಕೋಣೆಯಲ್ಲಿ ಪಾಠ ಮಾಡಿದ್ರೆ ಆ ವಿಷಯ ಉಳೀತಿತ್ತು. ಪಿಸಿಎಂ ಮೇಷ್ಟ್ರೇ, ನೀವೇ ಗಣಿತ, ನೀವೇ ಲ್ಯಾಬು. ಆ ಎರಡು ಕೋಣೆ ನಿಮ್ಮಲ್ಲಿ ಒಂದಾಗಿದೆ, ಅದನ್ನ ಬಿಡಬೇಡಿ.

ಡಯಟ್ ಪಕ್ಕದ ಬೀದಿ:
ಪಠ್ಯದ ಕಡೆಯಿಂದ ಎರಡು ಮಾತು. 2023ರ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಲ್ಲಿ ವೃತ್ತಿ ಶಿಕ್ಷಣನ ಮೂರು ತರ ಕೆಲಸ ಅಂತ ಮಾಡಿದಾರೆ, ಜೀವಿಗಳ ಜೊತೆ, ಯಂತ್ರ ಮತ್ತೆ ವಸ್ತುಗಳ ಜೊತೆ, ಜನರ ಸೇವೆಯಲ್ಲಿ. ಎನ್‌ಸಿಇಆರ್‌ಟಿಯ ಕೌಶಲ್ ಬೋಧ್ ಪುಸ್ತಕ 6ನೇ ಕ್ಲಾಸಿಗೆ ಇದರ ಮೇಲೇ ಬಂದಿದ್ದು, ನಿಮ್ಮ 8ನೇ ಕ್ಲಾಸಿಗೆ ಐಡಿಯಾ ತಗೋಬಹುದು. ನಮ್ಮ ರಾಜ್ಯದಲ್ಲಿ ಎನ್‌ಎಸ್‌ಕ್ಯೂಎಫ್ (ವೃತ್ತಿ ಕೌಶಲ ಶಿಕ್ಷಣ) ಇರೋ ಶಾಲೆಗಳಲ್ಲಿ 9 ಮತ್ತೆ 10ಕ್ಕೆ ತೃತೀಯ ಭಾಷೆ ಬದಲು ಐಟಿ, ಆಟೋಮೊಬೈಲ್ ಅಂಥ ವಿಷಯ ತಗೊಂಡು ಪರೀಕ್ಷೆ ಬರೀಬಹುದು, ಆ ಪೋಷಕರು ಕೇಳಿದ ಪೀರಿಯಡ್ ಪ್ರಶ್ನೆಗೆ ಅದೂ ಒಂದು ದಾರಿ. ಮಕ್ಕಳ ಹೊಸ ಐಡಿಯಾಗೆ ಕೇಂದ್ರ ಸರ್ಕಾರ ಕೊಡೋ ಇನ್‌ಸ್ಪೈರ್ ಮಾನಕ್‌ಗೂ ಹೆಸರು ಕಳಿಸಿ, ಆಯ್ಕೆ ಆದ ಐಡಿಯಾಗೆ 10,000 ರೂಪಾಯಿ ಮಗುವಿನ ಅಕೌಂಟಿಗೇ ಬರುತ್ತೆ.

ಯುಬಿಡಿಟಿ ಸ್ಟೂಡೆಂಟ್:
ನಾನು ಈಗ ದಾವಣಗೆರೆಯ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಮೆಕ್ಯಾನಿಕಲ್ ಓದ್ತಿರೋ ಹುಡುಗಿ. ಒಂದು ವಿಷಯ ಯಾರೂ ಹೇಳ್ಲಿಲ್ಲ ಅದಕ್ಕೆ ಬರೀತಿದೀನಿ. ನಮ್ಮ ಹೈಸ್ಕೂಲಲ್ಲಿ ಲ್ಯಾಬ್ ಟೈಮಲ್ಲಿ ಗುಂಪು ಮಾಡ್ತಿದ್ರು, ಹುಡುಗ್ರು ಡ್ರಿಲ್ ಹಿಡೀತಿದ್ರು, ನಮಗೆ ಚಾರ್ಟ್ ಬರೆಯೋದು, ಬಣ್ಣ ಹಚ್ಚೋದು, ಮಾಡೆಲ್ ಮುಂದೆ ನಿಂತು ಇಂಗ್ಲಿಷಲ್ಲಿ ವಿವರಿಸೋದು. ನಿಮ್ಮ ಹ್ಯಾಂಡ್‌ರೈಟಿಂಗ್ ಚೆನ್ನಾಗೈತಮ್ಮ ನೀವೇ ಬರೀರಿ ಅಂತ ಪ್ರೀತಿಯಿಂದಲೇ ಹೇಳೋರು. ಫಲ ಏನು ಅಂದ್ರೆ ಕಾಲೇಜಿಗೆ ಬಂದು ವರ್ಕ್‌ಶಾಪಲ್ಲಿ ಮೊದಲ ಸಲ ಫೈಲ್ ಹಿಡಿದಾಗ ಪಕ್ಕದ ಹುಡುಗ ಅದನ್ನ ವರ್ಷಗಳಿಂದ ಹಿಡಿದಿದ್ದ. ಸರ್ ದಯವಿಟ್ಟು ನೀವು ಕೆಲಸನ ಸರದಿ ಮೇಲೆ ಹಾಕಿ, ಈ ವಾರ ಕೊಯ್ಯೋಳು ಮುಂದಿನ ವಾರ ಬರೆಯೋಳು, ಹುಡುಗ್ರೂ ಹೊಲೀಲಿ, ಹುಡುಗ್ರೂ ಚಾರ್ಟ್ ಬರೀಲಿ. ಪಟ್ಟಿ ಗೋಡೆ ಮೇಲೆ ಅಂಟಿಸಿ, ಬಾಯಿಮಾತಲ್ಲಿ ಬಿಟ್ರೆ ಮತ್ತೆ ಅದೇ ಆಗುತ್ತೆ.

ಊರು ದಾವಣಗೆರೆ ಕೆಲಸ ಇಂಗ್ಲೆಂಡ್:
ಈ ತಂಗಿ ಹೇಳಿದ್ದು ಎಲ್ಲಾ ದೇಶದ ಕಥೆ. ಸರದಿ ಪಟ್ಟಿ ಬಹಳ ಒಳ್ಳೇ ಉಪಾಯ.

ಪಿಸಿಎಂ ಮೇಷ್ಟ್ರು, ದಾವಣಗೆರೆ ತಾಲ್ಲೂಕು:
ಸರದಿ ಪಟ್ಟಿ ಖಂಡಿತ ಮಾಡ್ತೀನಿ ಕಣಮ್ಮ. ನಿವೃತ್ತ ಮೇಷ್ಟ್ರ ಮಾತು ಪ್ರಿಂಟ್ ತೆಗೆದು ಹೆಚ್‌ಎಂಗೂ ತೋರಿಸ್ತೀನಿ. ಇನ್ನು ಎರಡು ಡೌಟು. ಒಂದು, 40 ಮಕ್ಕಳಿಗೆ ಅಂಕ ಹೇಗೆ ಹಾಕೋದು, ಚೆನ್ನಾಗಿ ಕಾಣೋ ಮಾಡೆಲ್‌ಗೆ ಜಾಸ್ತಿ ಹಾಕಿದ್ರೆ ಮನೇಲಿ ಅಪ್ಪ ಮಾಡ್ಕೊಟ್ಟಿದ್ದಕ್ಕೆ ಹಾಕಿದಂಗಾಗುತ್ತೆ. ಎರಡು, ಆ ತ್ರೀಡಿ ಪ್ರಿಂಟರ್ ಏನು ಮಾಡ್ಲಿ, ಮಕ್ಕಳು ಬರೀ ಅದನ್ನೇ ಕೇಳ್ತಾರೆ.

ಊರು ದಾವಣಗೆರೆ ಕೆಲಸ ಇಂಗ್ಲೆಂಡ್:
ಅಂಕಕ್ಕೆ ನಾನು ಮಾಡೋದು ಹೇಳ್ತೀನಿ. ಪ್ರತಿ ಮಗುವಿಗೂ ಒಂದು 100 ಪುಟದ ಗೆರೆ ಇಲ್ಲದ ನೋಟ್‌ಬುಕ್. ಅದು ಕ್ಲಾಸಲ್ಲೇ ಇರ್ಬೇಕು, ಮನೆಗೆ ಹೋಗಂಗಿಲ್ಲ. ಕ್ಲಾಸ್ ಮುಗಿಯೋ ಮುಂಚೆ ಹತ್ತು ನಿಮಿಷ ಅದ್ರಲ್ಲಿ ಬರೀತಾರೆ, ಇವತ್ತು ಏನು ಮಾಡ್ದೆ, ಏನು ಕೆಡ್ತು, ಯಾಕೆ ಕೆಡ್ತು ಅನ್ಸುತ್ತೆ, ಮುಂದಿನ ವಾರ ಏನು ಬದಲಾಯಿಸ್ತೀನಿ. ಚಿತ್ರ ಕೈಯಲ್ಲೇ, ರಬ್ಬರ್ ಬಳಸಂಗಿಲ್ಲ, ತಪ್ಪಿದ ಗೆರೆ ನನಗೆ ಬೇಕು. ಒಂದೇ ಐಡಿಯಾಗೆ ಅಂಟಿಕೊಳ್ಳದಂಗೆ ಕಡಿಮೆ ಅಂದ್ರೆ ಮೂರು ಬೇರೆ ಬೇರೆ ದಾರಿ ಬಿಡಿಸಿರ್ಬೇಕು, ಮೂರರಲ್ಲಿ ಇದನ್ನೇ ಯಾಕೆ ಆರಿಸ್ದೆ ಅಂತ ಕಾರಣ ಇರ್ಬೇಕು. ಅಂಕದಲ್ಲಿ ದೊಡ್ಡ ಪಾಲು ಈ ಪುಸ್ತಕಕ್ಕೆ, ಬಳಸೋರ ಕೈಗೆ ಕೊಟ್ಟು ನೋಡಿ ಬದಲಾಯಿಸಿದ್ದಕ್ಕೆ. ವಸ್ತುವಿನ ಅಂದಕ್ಕೆ ಸಣ್ಣ ಪಾಲು. ಅಪ್ಪ ವಸ್ತು ಮಾಡ್ಕೊಡಬಹುದು, ವಾರ ವಾರ ಕ್ಲಾಸಲ್ಲಿ ಬರೆದ ಪುಸ್ತಕ ಮಾಡ್ಕೊಡೋಕಾಗಲ್ಲ.

ಪುಸ್ತಕ ಪೂರ್ತಿ ಕನ್ನಡದಲ್ಲೇ ಬರೀಲಿ, ಅವರವರ ಮನೆ ಮಾತಲ್ಲೇ. ವಿಚಾರ ಬಂದ ವೇಗಕ್ಕೆ ಕೈ ಓಡ್ಬೇಕಾದ್ರೆ ಸ್ಪೆಲಿಂಗ್ ಹೆದರಿಕೆ ಇರ್ಬಾರ್ದು.

ಹರಿಹರದ ಲೇತ್:
ಪ್ರಿಂಟರ್ ಬಗ್ಗೆ ನಾನು ಹೇಳ್ತೀನಿ, ನಮ್ಮ ಶಾಪಲ್ಲೂ ಒಂದು ಐತೆ. ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ದಾರ ಹಾಕಿ, 200 ಡಿಗ್ರಿ ಆಸುಪಾಸಲ್ಲಿ ಪ್ರಿಂಟ್ ಆಗುತ್ತೆ, ಶಾಲೆಗೆ ಅದೇ ಸರಿ. ಒಂದು ಮುಷ್ಟಿ ಗಾತ್ರದ್ದು ಆಗೋಕೆ ಗಂಟೆಗಟ್ಟಲೆ ಬೇಕು, ಮಧ್ಯೆ ಕರೆಂಟ್ ಹೋದ್ರೆ ಹೆಚ್ಚಿನ ಸಲ ಮೊದಲಿಂದ, ಹಂಗಾಗಿ ಯುಪಿಎಸ್ ಇಲ್ದೆ ದೊಡ್ಡದಕ್ಕೆ ಕೈ ಹಾಕ್ಬೇಡ್ರಿ. 40 ಮಕ್ಕಳಿಗೆ ತಲಾ ಒಂದು ಕೀಚೈನ್ ಹೊಡೆಸಿದ್ರೆ ವರ್ಷ ಅದರಲ್ಲೇ ಹೋಗುತ್ತೆ, ಏನೂ ಕಲಿಯಲ್ಲ. ನಿಯಮ ಒಂದೇ ಇಡಿ, ರಟ್ಟಲ್ಲಿ, ಮರದಲ್ಲಿ, ತಗಡಲ್ಲಿ ಮಾಡೋಕಾಗದ ಭಾಗ ಮಾತ್ರ ಪ್ರಿಂಟ್. ಮಿಕ್ಸಿಯ ಒಡೆದ ಗುಬ್ಬಿ, ಕಿಟಕಿ ಚಿಲಕದ ಮುರಿದ ತುಂಡು, ಅಂಥವು ಅಳೆದು ಬಿಡಿಸಿ ಪ್ರಿಂಟ್ ಮಾಡಿ ಕೂರಿಸ್ಲಿ. 10 ಮಿಲಿಮೀಟರ್ ಕಡ್ಡಿಗೆ 10 ಮಿಲಿಮೀಟರ್ ತೂತು ಬಿಡಿಸಿದ್ರೆ ಕೂರಲ್ಲ, ಒಂಚೂರು ಸಡಿಲ ಬಿಡ್ಬೇಕು, ಎಷ್ಟು ಅಂತ ಮೂರು ನಾಕು ಸೈಜಿನ ತೂತು ಇರೋ ಒಂದು ಸಣ್ಣ ಪಟ್ಟಿ ಪ್ರಿಂಟ್ ಮಾಡಿ ಹಾಕಿ ನೋಡ್ಲಿ.

ದುರ್ಗದ ಸೈನ್ಸ್ ಮಿಸ್:
ರಟ್ಟಿನ ಬಗ್ಗೆ ಒಂದು ಮಾತು. ಕಿರಾಣಿ ಅಂಗಡಿಯ ಡಬ್ಬ ಬಿಚ್ಚಿದ್ರೆ ಒಳಗೆ ಅಲೆ ಅಲೆ ಇರುತ್ತಲ್ಲ, ಆ ಅಲೆ ಉದ್ದಕ್ಕೂ ಬರೋ ಹಾಗೆ ಕೊಯ್ದ ಪಟ್ಟಿ ಬೇಗ ಬಗ್ಗಲ್ಲ, ಅಡ್ಡಕ್ಕೆ ಬಂದ್ರೆ ಹಾಗೇ ಮಡಚುತ್ತೆ. ಎರಡು ಪಟ್ಟಿ ಮೇಲೆ ಕಲ್ಲಿಟ್ಟು ತೋರಿಸಿ. ಇನ್ನು ಅಡಿಕೆ ಹಾಳೆ ನಿಮ್ಮ ಚನ್ನಗಿರಿ ಕಡೆ ಬೇಕಾದಷ್ಟು, ನೀರಲ್ಲಿ ನೆನೆಸಿ ಬಿಸಿಯಲ್ಲಿ ಒತ್ತಿದ್ರೆ ಆಕಾರ ಹಿಡಿಯುತ್ತೆ, ತಟ್ಟೆ ಆಗೋದು ಹಾಗೇ. ನಮ್ಮ ಕಂಬಳಿ ನೇಯೋರು ಉಣ್ಣೆ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡ್ತಾರೆ. ಗಂಜಿ ಹಚ್ಚಿದ ಎಳೆ, ಹಚ್ಚದ ಎಳೆ ಎರಡಕ್ಕೂ ತೂಕ ಕಟ್ಟಿ ಯಾವುದು ಎಷ್ಟಕ್ಕೆ ಹರಿಯುತ್ತೆ ಅಂತ ಮಕ್ಕಳು ನೋಡ್ಲಿ. ಇವಕ್ಕೆಲ್ಲಾ ಕಿಟ್ ದುಡ್ಡು ಬೇಕಿಲ್ಲ.

ಪ್ರವಾಸಕ್ಕೆ ದುರ್ಗಕ್ಕೆ ಬಂದ್ರೆ ಕೋಟೆಯ ಬಾಗಿಲುಗಳ ದಾರಿ ಯಾಕೆ ನೇರ ಇಲ್ದೆ ತಿರುವು ತಿರುವು ಐತೆ, ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ನೀರು ಅಕ್ಕತಂಗಿ ಹೊಂಡಕ್ಕೆ ಹೇಗೆ ಹೋಗುತ್ತೆ, ಮಕ್ಕಳು ನಡೆದು ನೋಡಿ ಚಿತ್ರ ಬಿಡಿಸ್ಲಿ. ಫೋಟೋ ಬೇಡ.

ಪೋಷಕ, ವಿದ್ಯಾನಗರ:
ಮಿಸ್ ಮೊನ್ನೆ ಬರೆದ ರೆಸಿಸ್ಟರ್ ಲೆಕ್ಕನ ಮಗಳಿಗೆ ತೋರಿಸ್ದೆ. ಮಲ್ಟಿಮೀಟರ್ ಬೇಕು ಅಂತ ಹಠ ಹಿಡಿದಿದಾಳೆ. ಯಾವುದು ತರ್ಲಿ?

ಮೋಟರ್ ವೈಂಡಿಂಗ್, ಜಗಳೂರು:
ಸಾದಾ ಡಿಜಿಟಲ್ ಮೀಟರ್ ಸಾಕಣ್ಣ, ಬಜಾರ್‌ನ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಸಿಗುತ್ತೆ. ಬೀಪ್ ಹೊಡೆಯೋದು ಇರ್ಲಿ, ವೈರ್ ಕಟ್ ಆಗೈತಾ ನೋಡೋಕೆ ಅದೇ ಬೇಕಾಗೋದು. ಸೆಲ್ಲು, ಬ್ಯಾಟರಿ ಮಾತ್ರ ಅಳೀಲಿ, ಗೋಡೆ ಪ್ಲಗ್ಗಿಗೆ ಹಾಕ್ಬಾರ್ದು ಅಂತ ಹೇಳಿ ಕೊಡಿ. ಸೋಲ್ಡರಿಂಗ್ ಮಾಡ್ತೀನಿ ಅಂದ್ರೆ ಕಿಟಕಿ ತೆಗೆದಿರ್ಬೇಕು, ಸಾಮಾನ್ಯ ಸೋಲ್ಡರ್‌ನಲ್ಲಿ ಸೀಸ ಇರುತ್ತೆ, ಕೈ ತೊಳೀದೆ ಊಟ ಮಾಡ್ಬಾರ್ದು.

ಪಿಸಿಎಂ ಮೇಷ್ಟ್ರು, ದಾವಣಗೆರೆ ತಾಲ್ಲೂಕು:
ಎಲ್ರಿಗೂ ಶರಣು. ಹೀಗೆ ಮಾಡ್ತಿದೀನಿ. ಮೊದಲು ಮಕ್ಕಳು ಮನೇಲಿ ನೋಡಿ ಬರೆಯೋ ಕೆಲಸ, ಅದು ನಡೀತಿರುವಾಗ ಕ್ಲಾಸಲ್ಲಿ 20 ಸೆಂಟಿಮೀಟರ್ ಪಟ್ಟಿ, ರಟ್ಟು, ವರ್ನಿಯರ್. ಎಸ್‌ಎ (ಸಂಕಲನಾತ್ಮಕ ಪರೀಕ್ಷೆ) ಮುಗಿದ ಮೇಲೆ ಬೋರ್ಡು, ಸೆನ್ಸರ್, ಅದೂ ಯಾವ ಗುಂಪಿನ ಕೆಲಸಕ್ಕೆ ನಿಜವಾಗಿ ಬೇಕೋ ಅವರಿಗೆ ಮಾತ್ರ. ಸರದಿ ಪಟ್ಟಿ ಗೋಡೆ ಮೇಲೆ. ಪುಸ್ತಕ ಲ್ಯಾಬ್ ಬೀರುವಲ್ಲಿ. ಜಿಲ್ಲಾ ಪ್ರದರ್ಶನಕ್ಕೆ ವಸ್ತು ಜೊತೆ ಪುಸ್ತಕಾನೂ ಇಡ್ತೀವಿ ಅಂತ ಹೆಚ್‌ಎಂ ಹತ್ರ ಮಾತಾಡಿದೀನಿ, ಒಪ್ಪಿದಾರೆ. ಈಗ ಒಂದು ಬೆಂಚ್ ವೈಸ್ (ಕೊಯ್ಯುವಾಗ ಪೀಸ್ ಗಟ್ಟಿಯಾಗಿ ಹಿಡಿಯೋದು) ಫಿಟ್ ಮಾಡ್ಬೇಕು. ಎಷ್ಟು ಎತ್ತರಕ್ಕೆ?

ಹರಿಹರದ ಲೇತ್:
ನಿಂತವನ ಮೊಣಕೈ ಎತ್ತರಕ್ಕೆ ವೈಸಿನ ಬಾಯಿ ಬರ್ಬೇಕು ಸರ್. ನಿಮ್ಮ ಎತ್ತರಕ್ಕೆ ಕೂರಿಸಿದ್ರೆ 8ನೇ ಕ್ಲಾಸ್ ಮಕ್ಕಳು ಭುಜ ಎತ್ತಿ ಫೈಲ್ ಮಾಡ್ತಾರೆ, ಜಾರಿ ಗಾಯ ಆಗುತ್ತೆ. ಮಕ್ಕಳನ್ನ ನಿಲ್ಲಿಸಿ ಮೊಣಕೈ ಎತ್ತರ ಅಳೆದು ಬರೀರಿ, ಹೆಚ್ಚು ಮಕ್ಕಳಿಗೆ ಹೊಂದೋ ಎತ್ತರ ಅವ್ರೇ ಲೆಕ್ಕ ಹಾಕ್ಲಿ, ಗಿಡ್ಡ ಇರೋರಿಗೆ ನಿಲ್ಲೋಕೆ ಒಂದು ಮರದ ಮಣೆನೂ ಅವ್ರೇ ಮಾಡ್ಲಿ. ಶನಿವಾರ ನಮ್ಮ ಶಾಪ್ ಅರ್ಧ ದಿನ, ಹಳೇದೊಂದು 4 ಇಂಚಿನ ವೈಸ್ ಬಿದ್ದೈತೆ, ಬೋಲ್ಟ್ ಸಮೇತ ತಗೊಂಡು ಬರ್ತೀನಿ. ಟೇಬಲ್ ಹಲಗೆ ಎಷ್ಟು ದಪ್ಪ ಐತೆ ಅಂತ ಅಳೆದು ಹೇಳ್ರಿ, ಬೋಲ್ಟ್ ಉದ್ದ ನೋಡ್ಬೇಕು.